ಕಾವಲು ಯಾರದು ಅಂತ ಮೊದಲು ಕೇಳಿ: ನಮ್ಮ ದೇಶದ ಪರಂಪರೆಯ ತಾಣಗಳನ್ನು ನೋಡಲು ಸಮಗ್ರ ಮಾರ್ಗದರ್ಶಿ

ಮನೆಯವರನ್ನೆಲ್ಲ ಕಟ್ಟಿಕೊಂಡು ಮೊದಲ ಸಲ ಹಂಪಿಗೆ ಹೋದಾಗ ಕಮಲಾಪುರದ ಮ್ಯೂಸಿಯಂ ಮುಂದೆ ಆಟೋ ಇಳಿದೆವು. ಗೇಟಿಗೆ ಬೀಗ. ಅಪ್ಪ ಬೋರ್ಡು ಓದಿ, "ಶುಕ್ರವಾರ ರಜಾ ಅಂತೆ. ಬೀಗ ನೋಡೋಕೆ ಇಷ್ಟು ದೂರ ಬಂದ್ವಾ?" ಎಂದರು. ತಪ್ಪು ನನ್ನದೇ. ದೇವಸ್ಥಾನಕ್ಕೆ ವಾರದ ರಜೆ ಇರುವುದಿಲ್ಲವಲ್ಲ, ಇದಕ್ಕೂ ಇರಲಿಕ್ಕಿಲ್ಲ ಎಂದುಕೊಂಡು ಹೊರಟಿದ್ದೆ.

ಆಮೇಲಿಂದ ಎಲ್ಲಿಗೆ ಹೊರಟರೂ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಈ ಜಾಗದ ಕಾವಲು ಯಾರದು? ಇದಕ್ಕೆ ಉತ್ತರ ಸಿಕ್ಕರೆ ಬಾಗಿಲು ತೆರೆಯುವ ಹೊತ್ತು, ವಾರದ ರಜೆ, ಟಿಕೆಟ್, ಚಪ್ಪಲಿ, ಕ್ಯಾಮೆರಾ, ಕೊನೆಗೆ ಏನಾದರೂ ಹಾಳಾಗಿದ್ದು ಕಂಡರೆ ಯಾರಿಗೆ ಹೇಳಬೇಕು ಅನ್ನುವುದರವರೆಗೆ ಎಲ್ಲವೂ ತಾನಾಗಿ ಗೊತ್ತಾಗುತ್ತದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಹೆಜ್ಜೆ 1: ಕಾವಲುಗಾರರನ್ನು ಗುರುತಿಸಿ

"ಅದು ಯುನೆಸ್ಕೊದವರ ಜಾಗ" ಎಂದು ಜನ ಹೇಳುವುದನ್ನು ನೀವೂ ಕೇಳಿರುತ್ತೀರಿ. ಹಾಗೇನಿಲ್ಲ. ಯುನೆಸ್ಕೊ ಎಲ್ಲೂ ಟಿಕೆಟ್ ಹರಿಯುವುದಿಲ್ಲ, ಗಾರ್ಡ್ ನಿಲ್ಲಿಸುವುದಿಲ್ಲ. ವಿಶ್ವ ಪರಂಪರೆಯ ಒಪ್ಪಂದ ಆಗಿದ್ದು 1972ರಲ್ಲಿ. ಭಾರತ ಅದಕ್ಕೆ ಸೇರಿದ್ದು 1977ರಲ್ಲಿ. 1983ರಲ್ಲಿ ನಮ್ಮ ಮೊದಲ ನಾಲ್ಕು ತಾಣಗಳು ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಬಂದವು: ಅಜಂತಾ, ಎಲ್ಲೋರಾ, ಆಗ್ರಾ ಕೋಟೆ, ತಾಜ್‌ಮಹಲ್. 2025ರ ಜುಲೈನಲ್ಲಿ ಮರಾಠರ ಕೋಟೆಗಳು ಸೇರಿದ ಮೇಲೆ ಲೆಕ್ಕ 44ಕ್ಕೆ ಬಂತು. ಅದರಲ್ಲಿ 36 ಸಾಂಸ್ಕೃತಿಕ, 7 ನೈಸರ್ಗಿಕ. ಎರಡೂ ಹೌದು ಅನ್ನಿಸಿಕೊಂಡಿದ್ದು ಒಂದೇ, ಸಿಕ್ಕಿಂನ ಕಾಂಚನಜುಂಗಾ ರಾಷ್ಟ್ರೀಯ ಉದ್ಯಾನ.

ಪಟ್ಟಿಗೆ ಸೇರುವಾಗ "ನಾವು ಕಾಪಾಡುತ್ತೇವೆ" ಎಂದು ಮಾತು ಕೊಡುವುದು ದೇಶ. ಮಾತು ತಪ್ಪಿದರೆ ಯುನೆಸ್ಕೊ ಮಾಡಬಹುದಾದದ್ದು ಹೆಸರನ್ನು ಅಪಾಯದ ಪಟ್ಟಿಗೆ ಹಾಕುವುದು. ಹಂಪಿಗೆ ಇದು ಆಗಿದೆ. ಆನೆಗೊಂದಿ ಕಡೆಗೆ ತುಂಗಭದ್ರೆಯ ಮೇಲೆ ಸೇತುವೆ ಕಟ್ಟಲು ಹೊರಟಿದ್ದಕ್ಕೆ 1999ರಿಂದ 2006ರವರೆಗೆ ಹಂಪಿ ಆ ಪಟ್ಟಿಯಲ್ಲಿತ್ತು. ಅದೇ ಸೇತುವೆ ಇನ್ನೂ ಕಟ್ಟುತ್ತಿರುವಾಗಲೇ 2009ರಲ್ಲಿ ಕುಸಿದು ಬಿತ್ತು. ಅಸ್ಸಾಂನ ಮಾನಸ್ ಅಭಯಾರಣ್ಯ 1992ರಿಂದ 2011ರವರೆಗೆ, ಅಂದರೆ 19 ವರ್ಷ, ಅದೇ ಪಟ್ಟಿಯಲ್ಲಿ ಕೂತಿತ್ತು.

ಹಾಗಾದರೆ ದಿನನಿತ್ಯದ ಕಾವಲು ಯಾರದು? ಹೆಚ್ಚಿನ ಕಡೆ ಈ ನಾಲ್ವರಲ್ಲಿ ಒಬ್ಬರದು.

ಮೊದಲನೆಯದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ. ಎಲ್ಲರೂ ಎಎಸ್‌ಐ ಎನ್ನುತ್ತಾರೆ. 1861ರಲ್ಲಿ ಶುರುವಾದದ್ದು. 1958ರ ಕಾಯ್ದೆಯ ಅಡಿ ದೇಶದಲ್ಲಿ 3,600ಕ್ಕೂ ಹೆಚ್ಚು ಸ್ಮಾರಕಗಳು ಇವರ ಕೈಯಲ್ಲಿವೆ. ಗೇಟಿನ ಪಕ್ಕ ನೀಲಿ ಬಣ್ಣದ ತಗಡಿನ ಮೇಲೆ ಬಿಳಿ ಅಕ್ಷರದ ಬೋರ್ಡು ಇದ್ದರೆ ಸಾಮಾನ್ಯವಾಗಿ ಅದು ಎಎಸ್‌ಐ ಜಾಗ.

ಎರಡನೆಯದು ರಾಜ್ಯದ ಪುರಾತತ್ವ ಇಲಾಖೆ. ನಮ್ಮಲ್ಲಿ 1961ರ ಕಾಯ್ದೆ ಇದೆ. ಊರ ಹೊರಗಿನ ಎಷ್ಟೋ ಗುಡಿಗಳು, ಕೋಟೆ ಗೋಡೆಗಳು ಇವರ ಪಟ್ಟಿಯಲ್ಲಿರುತ್ತವೆ. ಗಾರ್ಡ್ ಇರದ ಕಡೆಗಳೂ ಇವೆ.

ಮೂರನೆಯದು ಅರಣ್ಯ ಇಲಾಖೆ. ಪಶ್ಚಿಮ ಘಟ್ಟದ ತಾಣಗಳೆಲ್ಲ ಇವರ ಸುಪರ್ದಿ.

ನಾಲ್ಕನೆಯದು ಮುಜರಾಯಿ ಇಲಾಖೆ ಅಥವಾ ಮಠ, ಟ್ರಸ್ಟು. ಪೂಜೆ ನಡೆಯುವ ಜಾಗದಲ್ಲಿ ಇವರ ಮಾತೂ ನಡೆಯುತ್ತದೆ.

ಒಂದೇ ಕಡೆ ಇಬ್ಬರು ಇರುವುದೂ ಉಂಟು. ಹಂಪಿಯ ವಿರೂಪಾಕ್ಷ ದೇವಸ್ಥಾನದ ಕಲ್ಲಿಗೆ ಎಎಸ್‌ಐ, ಪೂಜೆಗೆ ಮುಜರಾಯಿ. ಅದೇ ಹಂಪಿಯ ವಿಜಯವಿಠ್ಠಲ ದೇವಸ್ಥಾನದಲ್ಲಿ ಪೂಜೆಯೇ ಇಲ್ಲ. ಎಎಸ್‌ಐ ಒಂದು ಜಾಗವನ್ನು ವಹಿಸಿಕೊಂಡಾಗ ಅಲ್ಲಿ ಪೂಜೆ ನಡೆಯುತ್ತಿದ್ದರೆ ಅದು ಮುಂದುವರಿಯುತ್ತದೆ. ಇಲ್ಲದಿದ್ದರೆ ಹೊಸದಾಗಿ ಶುರು ಮಾಡುವಂತಿಲ್ಲ. "ಇಷ್ಟು ಚೆಂದದ ಗುಡಿ, ದೀಪ ಹಚ್ಚೋಕೆ ಯಾಕೆ ಬಿಡಲ್ಲ?" ಎಂದು ಗಾರ್ಡ್ ಜತೆ ವಾದಕ್ಕೆ ನಿಲ್ಲುವವರನ್ನು ನೋಡಿದ್ದೇನೆ. ಆ ಪಾಪದ ಗಾರ್ಡ್ ಏನು ಮಾಡಿಯಾನು?

ಹೆಜ್ಜೆ 2: ಪಟ್ಟಿ ಚಿಕ್ಕದು ಮಾಡಿ

ಮೂರು ದಿನಕ್ಕೆ ಹಂಪಿ, ಬಾದಾಮಿ, ಐಹೊಳೆ, ಪಟ್ಟದಕಲ್ಲು, ವಿಜಯಪುರ ಎಲ್ಲ ತುರುಕುವ ಪ್ಲಾನುಗಳು ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತವೆ. ನನ್ನ ಮಾತು ಕೇಳಿ, ಅರ್ಧ ಹೊಡೆದುಹಾಕಿ. ಹಂಪಿಗೇ ಎರಡು ದಿನ ಬೇಕು, ಅದೂ ಓಡಾಡುವ ಕಾಲಿಗೆ. ಬಾದಾಮಿ, ಐಹೊಳೆ, ಪಟ್ಟದಕಲ್ಲಿಗೆ ಇನ್ನೆರಡು. ಬೇಲೂರು ಮತ್ತು ಹಳೇಬೀಡು ನಡುವೆ ಬರೀ 16 ಕಿಲೋಮೀಟರು. ಆದರೂ ಒಂದು ಇಡೀ ದಿನ ಕೊಡಿ. ಸೋಮನಾಥಪುರವನ್ನು ಮೈಸೂರಿನಿಂದ ಅರ್ಧ ದಿನದಲ್ಲಿ ನೋಡಿ ಬರಬಹುದು.

ಕರ್ನಾಟಕದಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಬಂದವು ನಾಲ್ಕು. ಹಂಪಿ 1986ರಲ್ಲಿ. ಪಟ್ಟದಕಲ್ಲು 1987ರಲ್ಲಿ. ಪಶ್ಚಿಮ ಘಟ್ಟ 2012ರಲ್ಲಿ. ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಒಟ್ಟಿಗೆ 2023ರ ಸೆಪ್ಟೆಂಬರಿನಲ್ಲಿ. ಬಾದಾಮಿ, ಐಹೊಳೆ ಮುಖ್ಯ ಪಟ್ಟಿಯಲ್ಲಿ ಇಲ್ಲ ಅಂದರೆ ಎಷ್ಟೋ ಜನರಿಗೆ ಆಶ್ಚರ್ಯ ಆಗುತ್ತದೆ. ಇಲ್ಲ, ಅವು ಇನ್ನೂ ತಾತ್ಕಾಲಿಕ ಪಟ್ಟಿಯಲ್ಲಿವೆ, ಅಂದರೆ ಸೇರಲು ಸರದಿಯಲ್ಲಿ ಕಾಯುತ್ತಿವೆ. ಹಾಗಂತ ಬಿಟ್ಟು ಬರಬೇಡಿ. ಬಾದಾಮಿಯ ಮೂರನೇ ಗುಹೆಯಲ್ಲಿ 578ರ ಶಾಸನವಿದೆ, ಐಹೊಳೆಯ ಮೇಗುಟಿ ಗುಡಿಯಲ್ಲಿ 634ರ ರವಿಕೀರ್ತಿಯ ಶಾಸನವಿದೆ. ಪಟ್ಟದಕಲ್ಲು ಅರ್ಥವಾಗಬೇಕಾದರೆ ಇವೆರಡನ್ನು ಮೊದಲು ನೋಡಿರಬೇಕು.

ಹೆಜ್ಜೆ 3: ಕಾಲ, ವಾರ, ಗಂಟೆ

ಕಾಲದ ವಿಷಯ ಸುಲಭ. ಹಂಪಿ, ಬಾದಾಮಿ ಕಡೆಗೆ ನವೆಂಬರಿನಿಂದ ಫೆಬ್ರುವರಿ. ಏಪ್ರಿಲ್‌ನಲ್ಲಿ ಅಲ್ಲಿನ ಬಂಡೆಗಳು ಕಾದ ಹಂಚು. ಉತ್ತರದ ತಾಣಗಳಿಗೆ ಬೇರೆಯೇ ಲೆಕ್ಕ. ಉತ್ತರಾಖಂಡದ ಹೂಗಳ ಕಣಿವೆ ಜೂನ್‌ನಿಂದ ಅಕ್ಟೋಬರ್ ಮಾತ್ರ ತೆರೆದಿರುತ್ತದೆ. ಕಾಜಿರಂಗ ಮಳೆಗಾಲದಲ್ಲಿ ಮುಚ್ಚಿರುತ್ತದೆ. ಭರತಪುರದ ಕೇವಲಾದೇವ್‌ಗೆ ವಲಸೆ ಹಕ್ಕಿ ನೋಡಲು ಹೋಗುವುದಾದರೆ ಚಳಿಗಾಲವೇ ಸರಿ.

ಜಾಸ್ತಿ ಜನ ಎಡವುವುದು ವಾರದಲ್ಲಿ. ತಾಜ್‌ಮಹಲ್‌ಗೆ ಶುಕ್ರವಾರ ರಜೆ. ಹಂಪಿ, ಐಹೊಳೆ, ಬಾದಾಮಿ, ಹಳೇಬೀಡಿನ ಎಎಸ್‌ಐ ಮ್ಯೂಸಿಯಂಗಳಿಗೂ ಶುಕ್ರವಾರವೇ. ಸ್ಮಾರಕ ತೆರೆದಿರುತ್ತದೆ, ಮ್ಯೂಸಿಯಂ ಮುಚ್ಚಿರುತ್ತದೆ, ಗಮನಿಸಿ. ಅಜಂತಾಕ್ಕೆ ಸೋಮವಾರ, ಎಲ್ಲೋರಾಕ್ಕೆ ಮಂಗಳವಾರ. ಇಲ್ಲೊಂದು ತಮಾಷೆ ಇದೆ. ಸೋಮವಾರ ಅಜಂತಾ, ಮಂಗಳವಾರ ಎಲ್ಲೋರಾ ಎಂದು ಪ್ಲಾನ್ ಮಾಡಿದರೆ ಎರಡು ದಿನವೂ ಬೀಗ. ತಿರುಗಿಸಿ ಸೋಮವಾರ ಎಲ್ಲೋರಾ, ಮಂಗಳವಾರ ಅಜಂತಾ ಮಾಡಿದರೆ ಎರಡೂ ಸಿಗುತ್ತವೆ.

ಇನ್ನು ಗಂಟೆ. ಹೆಚ್ಚಿನ ಎಎಸ್‌ಐ ಸ್ಮಾರಕಗಳು ಸೂರ್ಯ ಹುಟ್ಟಿದಾಗ ತೆರೆದು ಮುಳುಗಿದಾಗ ಮುಚ್ಚುತ್ತವೆ. ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೆ ಹೋಗಿ ನಿಂತರೆ ಮೊದಲ ಒಂದು ಗಂಟೆ ಜಾಗ ಹೆಚ್ಚುಕಡಿಮೆ ನಿಮ್ಮದೇ. ಟೂರಿಸ್ಟ್ ಬಸ್ಸುಗಳು ಬರುವುದು ತಿಂಡಿ ಮುಗಿಸಿದ ಮೇಲೆ. ಬಿಸಿಲಿಗೂ ಇದೇ ಮಾತು. ನೆತ್ತಿಯ ಮೇಲೆ ಸೂರ್ಯ ಇದ್ದಾಗ ಕೆತ್ತನೆಯ ನೆರಳುಗಳೆಲ್ಲ ಮುಖದ ಮೇಲೇ ಬಿದ್ದು ಏನೂ ಸರಿಯಾಗಿ ಕಾಣುವುದಿಲ್ಲ. ಓರೆ ಬಿಸಿಲು ಬೇಕು. ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ಅತಿ ಒಳ್ಳೆಯ ಮೂರ್ತಿಗಳಿರುವುದು ಪಶ್ಚಿಮದ ಗೋಡೆಯಲ್ಲಿ. ಹಾಗಾಗಿ ಬೆಳಿಗ್ಗೆ ಬೇಲೂರು, ಮಧ್ಯಾಹ್ನದ ಊಟ ಆದ ಮೇಲೆ ಹಳೇಬೀಡು. ಈ ಒಂದು ಬದಲಾವಣೆಯಿಂದ ಫೋಟೊ ಎಷ್ಟು ಸುಧಾರಿಸುತ್ತದೆ ನೋಡಿ.

ಹೆಜ್ಜೆ 4: ಟಿಕೆಟ್

ಎಎಸ್‌ಐ ಸ್ಮಾರಕಗಳಲ್ಲಿ ಎರಡು ದರ್ಜೆ. ಎ ದರ್ಜೆಗೆ ಭಾರತೀಯರಿಗೆ 40 ರೂಪಾಯಿ, ಬಿ ದರ್ಜೆಗೆ 25. ಆನ್‌ಲೈನಿನಲ್ಲಿ ಅಥವಾ ಗೇಟಿನ ಕ್ಯೂಆರ್ ಕೋಡಿನಿಂದ ತೆಗೆದುಕೊಂಡರೆ 5 ರೂಪಾಯಿ ಕಡಿಮೆ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ದರ ಆಗಾಗ ಬದಲಾಗುತ್ತದೆ, ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ. ಏಪ್ರಿಲ್ 18ರ ವಿಶ್ವ ಪರಂಪರೆ ದಿನ ಮತ್ತು ನವೆಂಬರ್ 19ರಂದು ಶುರುವಾಗುವ ಪರಂಪರೆ ಸಪ್ತಾಹದ ಮೊದಲ ದಿನ ಸಾಮಾನ್ಯವಾಗಿ ಪ್ರವೇಶ ಉಚಿತ. ಆದರೆ ಆ ದಿನ ಇರುವ ಗದ್ದಲಕ್ಕೆ 40 ರೂಪಾಯಿ ಕೊಡುವುದೇ ವಾಸಿ ಅಂತ ನನಗೆ ಅನ್ನಿಸಿದೆ.

ಹಂಪಿಯಲ್ಲಿ ಒಂದು ಟಿಕೆಟ್ ಮೂರು ಕಡೆ ನಡೆಯುತ್ತದೆ: ವಿಜಯವಿಠ್ಠಲ, ಕಮಲಮಹಲ್ ಮತ್ತು ಆನೆಲಾಯ ಇರುವ ಆವರಣ, ಕಮಲಾಪುರದ ಮ್ಯೂಸಿಯಂ. ಆದರೆ ಅದೇ ದಿನ ಮಾತ್ರ. ಹಾಗಾಗಿ ಈ ಮೂರನ್ನೂ ಒಂದೇ ದಿನಕ್ಕೆ ಇಟ್ಟುಕೊಳ್ಳಿ. ವಿರೂಪಾಕ್ಷ, ಹೇಮಕೂಟ, ನದಿ ದಂಡೆ, ಆನೆಗೊಂದಿ ಇನ್ನೊಂದು ದಿನಕ್ಕೆ. ವಿಠ್ಠಲಕ್ಕೆ ಗಾಡಿ ನಿಲ್ಲಿಸುವ ಜಾಗದಿಂದ ಸುಮಾರು 1 ಕಿಲೋಮೀಟರು. ಬ್ಯಾಟರಿ ಗಾಡಿ ಸಿಗುತ್ತದೆ. ಮಂಡಿ ನೋವಿನವರು ಹತ್ತಲಿ, ಉಳಿದವರು ನಡೆಯಿರಿ. ದಾರಿಯಲ್ಲಿ ಕುದುರೆ ಗೊಂಬೆ ಮಂಟಪ ಸಿಗುತ್ತದೆ, ಅದನ್ನು ಗಾಡಿಯಲ್ಲಿ ಹೋಗುವವರು ಸರಿಯಾಗಿ ನೋಡುವುದೇ ಇಲ್ಲ.

ಗೈಡ್ ಬೇಕೆಂದರೆ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇರುವವರನ್ನು ಹಿಡಿಯಿರಿ. ಎಷ್ಟು ಹೊತ್ತು, ಎಷ್ಟು ದುಡ್ಡು, ಯಾವ ಯಾವ ಜಾಗ ಎಂದು ಮೊದಲೇ ಮಾತಾಡಿ.

ಹೆಜ್ಜೆ 5: ಒಂದು ರಾತ್ರಿಯ ಮನೆಪಾಠ

ದಪ್ಪ ಪುಸ್ತಕ ಓದಬೇಕಾಗಿಲ್ಲ. ಯುನೆಸ್ಕೊ ಪಟ್ಟಿಗೆ ಸೇರಲು 10 ಮಾನದಂಡಗಳಿವೆ. ಮೊದಲ ಆರು ಸಂಸ್ಕೃತಿಗೆ, ಉಳಿದ ನಾಲ್ಕು ಪ್ರಕೃತಿಗೆ. ಒಂದಾದರೂ ಹೊಂದಲೇಬೇಕು. ಯುನೆಸ್ಕೊ ಜಾಲತಾಣದಲ್ಲಿ ಪ್ರತಿ ತಾಣದ ಪುಟದಲ್ಲೂ ಅದು ಯಾವ ಮಾನದಂಡದಲ್ಲಿ, ಯಾಕೆ ಪಾಸಾಯಿತು ಎಂದು ಬರೆದಿರುತ್ತಾರೆ. ನಕ್ಷೆಯೂ ಇರುತ್ತದೆ. ಅಷ್ಟು ಓದಿಕೊಂಡರೆ ಅಲ್ಲಿ ಹೋಗಿ ಏನು ಹುಡುಕಬೇಕು ಎನ್ನುವುದು ಗೊತ್ತಾಗುತ್ತದೆ.

ಪಟ್ಟದಕಲ್ಲನ್ನೇ ತೆಗೆದುಕೊಳ್ಳಿ. ಅದು ಪಟ್ಟಿಗೆ ಬಂದಿರುವುದು ಉತ್ತರದ ನಾಗರ ಶೈಲಿ, ದಕ್ಷಿಣದ ದ್ರಾವಿಡ ಶೈಲಿ ಎರಡೂ ಒಂದೇ ಅಂಗಳದಲ್ಲಿ ಕೂಡಿದ್ದಕ್ಕೆ. ಇದು ಗೊತ್ತಿಲ್ಲದೆ ಹೋದರೆ ಹತ್ತು ಗುಡಿ ಕಾಣುತ್ತವೆ, ಮಕ್ಕಳು "ಇನ್ನೂ ಎಷ್ಟಿದೆ?" ಅನ್ನುತ್ತವೆ. ಗೊತ್ತಿದ್ದು ಹೋದರೆ ಮಲ್ಲಿಕಾರ್ಜುನ ಮತ್ತು ಕಾಶಿವಿಶ್ವನಾಥ ಗುಡಿಗಳ ಮುಂದೆ ನಿಂತು ತಲೆ ಎತ್ತುತ್ತೀರಿ. ಅಕ್ಕಪಕ್ಕದಲ್ಲಿವೆ. ಒಂದರ ಶಿಖರ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಹೋಗಿದೆ. ಇನ್ನೊಂದರದು ಬಾಗುತ್ತಾ ಬಾಗುತ್ತಾ ಒಳಕ್ಕೆ ಸೇರಿದೆ. ಮಕ್ಕಳಿಗೆ "ಯಾವುದು ಮೆಟ್ಟಿಲು, ಯಾವುದು ಬಾಗು?" ಅಂತ ಒಂದು ಆಟ ಕೊಟ್ಟುಬಿಡಿ. ಉಳಿದ ಗುಡಿಗಳನ್ನು ಅವರೇ ಓಡಿ ಹೋಗಿ ವಿಂಗಡಿಸುತ್ತಾರೆ.

ಜತೆಗೆ ಒಂದು ಕಥೆ ಸಾಕು. ಅಲ್ಲಿನ ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದ್ದು ರಾಣಿ ಲೋಕಮಹಾದೇವಿ. ಗಂಡ, ಚಾಲುಕ್ಯ ದೊರೆ ಎರಡನೇ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ, ಎಂಟನೇ ಶತಮಾನದಲ್ಲಿ. ಕಟ್ಟಿದ ಸೂತ್ರಧಾರಿಯ, ಅಂದರೆ ಮುಖ್ಯ ಶಿಲ್ಪಿಯ ಹೆಸರೂ ಶಾಸನದಲ್ಲಿದೆ: ಗುಂಡ ಅನಿವಾರಿತಾಚಾರಿ.

ಹೆಜ್ಜೆ 6: ಚೀಲದಲ್ಲಿ ಏನಿರಬೇಕು

ನೀರು, ಟೋಪಿ, ಎಲ್ಲರಿಗೂ ಗೊತ್ತಿರುವುದು ಬಿಡಿ. ಗೊತ್ತಿಲ್ಲದ ಮೂರು ಹೇಳುತ್ತೇನೆ. ಒಂದು, ಹಳೆಯ ಕಾಲುಚೀಲ. ಬೇಲೂರಿನಂಥ ಕಡೆ ಚಪ್ಪಲಿ ಹೊರಗೆ ಬಿಟ್ಟು ಕಲ್ಲಿನ ಅಂಗಳ ದಾಟಬೇಕು. ಮಧ್ಯಾಹ್ನ ಹನ್ನೆರಡಕ್ಕೆ ಅಲ್ಲಿ ಎಲ್ಲರೂ ಕುಣಿಯುತ್ತಲೇ ಓಡುತ್ತಾರೆ. ಎರಡು, ಸಣ್ಣ ಟಾರ್ಚು. ಗುಡಿಯ ಒಳಗಿನ ಚಾವಣಿ ನೋಡಲು. ಮೂರು, ದುರ್ಬೀನು. ಹಕ್ಕಿ ನೋಡಲು ಮಾತ್ರ ಅಂದುಕೊಂಡಿದ್ದೀರಾ? ಬೇಲೂರಿನ ಮದನಿಕೆಯರು ಇರುವುದು ಸೂರಿನ ಕೆಳಗೆ, ಎತ್ತರದಲ್ಲಿ. ಬರಿಗಣ್ಣಿಗೆ ಆಕಾರ ಕಾಣುತ್ತದೆ, ದುರ್ಬೀನಿಗೆ ಬೆರಳ ಉಂಗುರ ಕಾಣುತ್ತದೆ.

ಹೆಜ್ಜೆ 7: ನೋಡುವುದು

ಹೆಚ್ಚಿನವರು ಇಲ್ಲೇ ಅವಸರ ಮಾಡುತ್ತಾರೆ. ಒಳಗೆ ಹೋಗಿ, ಕೈ ಮುಗಿದು, ಗೋಡೆ ಮುಂದೆ ನಾಲ್ಕು ಸೆಲ್ಫಿ, ಹೊರಗೆ ಎಳನೀರು. ನನ್ನ ಸಲಹೆ: ಮೊದಲ ಸುತ್ತು ಕ್ಯಾಮೆರಾ ಚೀಲದಲ್ಲಿರಲಿ. ಸುಮ್ನೆ ಒಂದು ಪ್ರದಕ್ಷಿಣೆ ಹಾಕಿ. ಎರಡನೇ ಸುತ್ತಿನಲ್ಲಿ ಒಂದೇ ಒಂದು ಸಂಗತಿ ಆರಿಸಿಕೊಂಡು ಅದನ್ನೇ ಹಿಂಬಾಲಿಸಿ.

ಹಳೇಬೀಡಿನಲ್ಲಿ ಹೇಗೆ ಮಾಡಬಹುದು ಹೇಳುತ್ತೇನೆ. ಹೊಯ್ಸಳೇಶ್ವರದ ಗೋಡೆಯ ಬುಡದಲ್ಲಿ ಪಟ್ಟಿಕೆಗಳು ಒಂದರ ಮೇಲೊಂದು ಕೂತಿವೆ. ಎಲ್ಲಕ್ಕಿಂತ ಕೆಳಗೆ ಆನೆ. ಅದರ ಮೇಲೆ ಸಿಂಹ. ಆಮೇಲೆ ಬಳ್ಳಿ. ಆಮೇಲೆ ಕುದುರೆ ಸವಾರರು. ಮತ್ತೆ ಬಳ್ಳಿ. ಅದರ ಮೇಲೆ ರಾಮಾಯಣ, ಮಹಾಭಾರತ, ಭಾಗವತದ ಕಥೆಗಳು. ಆಮೇಲೆ ಮಕರ, ಕೊನೆಗೆ ಹಂಸ. ಭಾರ ಹೊರುವ ಆನೆ ಬುಡದಲ್ಲಿ, ಹಾರುವ ಹಂಸ ಮೇಲೆ. ಈಗ ಆನೆ ಸಾಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತುಬಿಡಿ. ನಮ್ಮಮ್ಮ ಹಾಗೇ ಕೂತಿದ್ದು. ನಿಂತು ನೋಡಿದಾಗ ಎಲ್ಲ ಆನೆಯೂ ಒಂದೇ. ಕೂತು ನೋಡಿದರೆ ಒಂದರ ಸೊಂಡಿಲು ಸುರುಳಿ, ಪಕ್ಕದ್ದು ಇಳಿಬಿಟ್ಟಿದೆ, ಒಂದರ ಮೇಲಿನ ಮಾವುತ ಮುಂದಕ್ಕೆ ಬಾಗಿದ್ದಾನೆ, ಇನ್ನೊಬ್ಬ ಹಿಂದಕ್ಕೆ ವಾಲಿದ್ದಾನೆ. ಅಮ್ಮ ಎರಡು ಮೂಲೆ ದಾಟುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿತ್ತು. "ಇದನ್ನ ಕೆತ್ತಿದವನಿಗೆ ಬೇಜಾರು ಅನ್ನೋದೇ ಇರಲಿಲ್ವಾ?" ಎಂದು ಕೇಳಿದರು. ಅವತ್ತು ನಾವು ಬೇರೇನೂ ಜಾಸ್ತಿ ನೋಡಲಿಲ್ಲ. ಆದರೆ ಅಮ್ಮ ಇವತ್ತಿಗೂ ಆ ಆನೆಗಳ ಮಾತೇ ಆಡುತ್ತಾರೆ.

ಇಷ್ಟು ಸಣ್ಣ ಕೆಲಸ ಸಾಧ್ಯವಾದದ್ದು ಕಲ್ಲಿನಿಂದ. ಹೊಯ್ಸಳರು ಬಳಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ಹಂಪಿಯ ಕಣಶಿಲೆಯಲ್ಲಿ (ಗ್ರಾನೈಟ್) ಈ ಉಂಗುರ, ಈ ಕಾಲ್ಗೆಜ್ಜೆ ಬಿಡಿಸಲು ಆಗುವುದಿಲ್ಲ. ಹಾಗಾಗಿ ಹಂಪಿಯಲ್ಲಿ ಬೇರೆಯದನ್ನು ಹುಡುಕಬೇಕು: ಅಳತೆ, ಹರವು, ನೀರಿನ ವ್ಯವಸ್ಥೆ.

ಸೋಮನಾಥಪುರದಲ್ಲಿ ಹಿಂಬಾಲಿಸಬೇಕಾದದ್ದು ಸಹಿಯನ್ನು. 13ನೇ ಶತಮಾನದ ಈ ಗುಡಿಯ ಶಿಲ್ಪಿಗಳು ತಮ್ಮ ಹೆಸರು ಕೆತ್ತಿಟ್ಟಿದ್ದಾರೆ. ಮೂರ್ತಿಯ ಪೀಠದ ಮೇಲೆ ಹಳಗನ್ನಡದ ಅಕ್ಷರ ಹುಡುಕಿ. ಮಲ್ಲಿತಮ್ಮ ಎನ್ನುವ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಒಂದೆರಡು ಅಕ್ಷರ ಕೂಡಿಸಿ ಓದಲು ಬಂದ ಕೂಡಲೇ ಆಗುವ ಖುಷಿಯೇ ಬೇರೆ. ಆಮೇಲೆ ಒಳಗೆ ಹೋಗಿ ಚಾವಣಿಗೆ ಟಾರ್ಚು ಬಿಡಿ. ತಲೆಕೆಳಗಾಗಿ ತೂಗುವ ಬಾಳೆ ಹೂವು ಕಾಣುತ್ತದೆ.

ಹಂಪಿಯಲ್ಲಿ ಎರಡು ಜಾಗ ತಪ್ಪಿಸಬೇಡಿ. ವಿರೂಪಾಕ್ಷದ ಗರ್ಭಗುಡಿಯ ಹಿಂದೆ ಕತ್ತಲೆ ಕೋಣೆಯೊಂದಿದೆ. ಗೋಡೆಯ ಸಣ್ಣ ಕಿಂಡಿಯಿಂದ ಬಂದ ಬೆಳಕಿನಲ್ಲಿ ರಾಯಗೋಪುರ ಎದುರು ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಶಾಲೆಯಲ್ಲಿ ರಟ್ಟಿನ ಡಬ್ಬಿಗೆ ತೂತು ಮಾಡಿ ತೋರಿಸುತ್ತಿದ್ದ ಸೂಜಿರಂಧ್ರ ಕ್ಯಾಮೆರಾ ನೆನಪಿದೆ ಅಲ್ವಾ, ಅದೇ. ಎರಡನೆಯದು ರಾಜರ ಆವರಣದ ಮೆಟ್ಟಿಲು ಪುಷ್ಕರಣಿ. 1980ರ ದಶಕದ ಉತ್ಖನನದಲ್ಲಿ ಮಣ್ಣಿನಡಿಯಿಂದ ಎದ್ದು ಬಂದದ್ದು. ಅದರ ಕಪ್ಪು ಕಲ್ಲುಗಳ ಮೇಲೆ ಗುರುತುಗಳಿವೆ: ಯಾವ ದಿಕ್ಕು, ಯಾವ ಸಾಲು, ಎಷ್ಟನೇ ಕಲ್ಲು ಅಂತ. ಅಂದರೆ ಬೇರೆ ಕಡೆ ಕಡೆದು, ನಂಬರು ಹಾಕಿ, ಇಲ್ಲಿ ತಂದು ಜೋಡಿಸಿದ್ದಾರೆ. ಮೊಬೈಲಿನಲ್ಲಿ ಜೂಮ್ ಮಾಡಿ ಹುಡುಕಿ.

ಹೆಜ್ಜೆ 8: ಕಾಡಿನ ತಾಣ ಆದರೆ

ಕಲ್ಲಿಗೆ ಬೇಲಿ ಇದೆ, ಗೇಟಿದೆ. ಪಶ್ಚಿಮ ಘಟ್ಟಕ್ಕೆ ಎಲ್ಲಿ ಗೇಟು? ಪಟ್ಟಿಗೆ ಸೇರಿರುವುದು ಇಡೀ ಘಟ್ಟವಲ್ಲ. ಕೇರಳ, ಕರ್ನಾಟಕ, ತಮಿಳುನಾಡು, ಮಹಾರಾಷ್ಟ್ರ ನಾಲ್ಕು ರಾಜ್ಯಗಳಲ್ಲಿ ಹರಡಿರುವ 39 ತುಣುಕುಗಳು. ನಮ್ಮಲ್ಲಿ ಹತ್ತು. ಕೊಡಗಿನ ಕಡೆ ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ, ಪಡಿನಾಲ್ಕುನಾಡು, ಕೆರ್ಟಿ. ಮೇಲೆ ಕುದುರೆಮುಖ, ಸೋಮೇಶ್ವರ, ಆಗುಂಬೆ, ಬಾಳೆಹಳ್ಳಿ. ಸೋಮೇಶ್ವರ ಎರಡು ಸಲ ಬರುತ್ತದೆ, ಅಭಯಾರಣ್ಯ ಒಂದು, ಮೀಸಲು ಅರಣ್ಯ ಒಂದು.

ಈ ವ್ಯತ್ಯಾಸ ತಿಳಿದುಕೊಳ್ಳಿ. ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಿಗೆ 1972ರ ವನ್ಯಜೀವಿ ಕಾಯ್ದೆ ಅನ್ವಯ. ಅನುಮತಿ ಇಲ್ಲದೆ ಒಳಗೆ ಕಾಲಿಟ್ಟರೆ ಅಪರಾಧ. "ಗೂಗಲ್ ಮ್ಯಾಪ್‌ನಲ್ಲಿ ದಾರಿ ಇತ್ತು" ಎಂದರೆ ಫಾರೆಸ್ಟರ್ ಕೇಳುವುದಿಲ್ಲ. ಚಾರಣಕ್ಕೆ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಇದೆ. ಕುದುರೆಮುಖದಂಥ ಕಡೆ ದಿನಕ್ಕೆ ಇಂತಿಷ್ಟೇ ಜನ. ವಾರಾಂತ್ಯದ ಸ್ಲಾಟು ಬೇಗ ಖಾಲಿಯಾಗುತ್ತದೆ. ಬೇಸಿಗೆಯಲ್ಲಿ ಬೆಂಕಿಯ ಭಯಕ್ಕೆ ದಾರಿ ಮುಚ್ಚುತ್ತಾರೆ, ಆಗ ಬುಕಿಂಗೇ ಇರುವುದಿಲ್ಲ. ಕಾಡಿನ ನಡುವೆ ಹೋಗುವ ರಸ್ತೆಗಳ ಚೆಕ್‌ಪೋಸ್ಟಿನಲ್ಲಿ ಕೊಡುವ ಚೀಟಿ ಜೋಪಾನ. ಅದರಲ್ಲಿ ಒಳಗೆ ಬಂದ ಹೊತ್ತು ಬರೆದಿರುತ್ತದೆ. ದಾರಿಯಲ್ಲಿ ಗಾಡಿ ನಿಲ್ಲಿಸಿ ಚಿತ್ರಾನ್ನ ಬಿಚ್ಚಿದರೆ ಮುಂದಿನ ಗೇಟಿನಲ್ಲಿ ಲೆಕ್ಕ ಸಿಕ್ಕಿಬೀಳುತ್ತದೆ.

ಜೂನ್‌ನಿಂದ ಸೆಪ್ಟೆಂಬರಿನಲ್ಲಿ ಹೋದರೆ ಇಂಬಳ ಗ್ಯಾರಂಟಿ. ಉದ್ದ ಕಾಲುಚೀಲ ಹಾಕಿ, ಪ್ಯಾಂಟನ್ನು ಅದರೊಳಗೆ ತುರುಕಿ. ಕಚ್ಚಿಕೊಂಡರೆ ಗಾಬರಿಯಲ್ಲಿ ಕಿತ್ತು ಎಳೆಯಬೇಡಿ. ಇಂಬಳದ ಬಾಯಿ ಚರ್ಮಕ್ಕೆ ಅಂಟಿದ ಕಡೆ ಉಗುರು ತೂರಿಸಿ ಮೆಲ್ಲಗೆ ಬಿಡಿಸಿ. ರಕ್ತ ಸ್ವಲ್ಪ ಹೊತ್ತು ಸುರಿಯುತ್ತದೆ, ಒತ್ತಿ ಹಿಡಿದರೆ ನಿಲ್ಲುತ್ತದೆ.

ಕಾಡಿಗೆ ಹೋಗಿ "ಏನೂ ಕಾಣಲಿಲ್ಲ" ಎಂದು ಬರುವವರೇ ಜಾಸ್ತಿ. ಹುಲಿ, ಆನೆಗೆ ಬಂದವರಿಗೆ ಘಟ್ಟದ ಕಾಡು ಬೇಸರವೇ. ಇಲ್ಲಿ ನೋಡಬೇಕಾದದ್ದು ಶೋಲೆಯನ್ನು. ಎರಡು ಹುಲ್ಲುಗುಡ್ಡಗಳ ಸಂದಿನಲ್ಲಿ ಕಡು ಹಸಿರು ಕಾಡು ಪಟ್ಟಿಯಂತೆ ಇಳಿದಿರುತ್ತದೆ. ಮೇಲಿನ ಹುಲ್ಲು ಮಳೆ ನೀರು ಹಿಡಿದಿಟ್ಟು ಈ ಕಾಡಿಗೆ ಬಿಡುತ್ತದೆ, ಇಲ್ಲಿಂದ ತೊರೆ ಹುಟ್ಟುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವುದೂ ಈ ಸೀಮೆಯಲ್ಲೇ. ಮರದ ತುದಿಯಲ್ಲಿ ಸಿಂಗಳೀಕ ಕಂಡರೆ ನಿಮ್ಮ ಅದೃಷ್ಟ. ಕಪ್ಪು ಮೈ, ಮುಖದ ಸುತ್ತ ಬಿಳಿ ಕೂದಲು. ಅದು ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲ. ಅದಕ್ಕೆ ಬಿಸ್ಕತ್ತು ಎಸೆಯಬೇಡಿ. ಬಿಸ್ಕತ್ತಿಗೆ ರಸ್ತೆಗೆ ಇಳಿದ ಮಂಗ ಗಾಡಿ ಚಕ್ರಕ್ಕೆ ಸಿಗುತ್ತದೆ.

ಇದೇ ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿ ಇತ್ತು. ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ 2005ರ ಕೊನೆಗೆ ನಿಂತಿತು. ಘಟ್ಟ ಪಟ್ಟಿಗೆ ಬಂದಿದ್ದು ಅದಾದ ಏಳು ವರ್ಷಕ್ಕೆ.

ಹೆಜ್ಜೆ 9: ಕೈ ಎಲ್ಲಿರಬೇಕು

ಕಲ್ಲು ಮುಟ್ಟಬೇಡಿ ಎಂದರೆ "ಸಾವಿರ ವರ್ಷ ನಿಂತಿದೆ, ನಾನು ಮುಟ್ಟಿದರೆ ಏನಾಗುತ್ತೆ?" ಎನ್ನುತ್ತಾರೆ. ಎಷ್ಟೋ ಗುಡಿಗಳಲ್ಲಿ ಮೂರ್ತಿಯ ಒಂದು ಮಂಡಿ, ಒಂದು ಹೊಟ್ಟೆ ಮಾತ್ರ ಕಪ್ಪಗೆ ಎಣ್ಣೆ ಹಚ್ಚಿದಂತೆ ಮಿನುಗುತ್ತಿರುತ್ತದೆ. ಅದು ಕೆತ್ತಿದವನ ಪಾಲಿಶ್ ಅಲ್ಲ, ನಮ್ಮ ಕೈಯ ಬೆವರು. ವಿಠ್ಠಲದ ಸಂಗೀತ ಕಂಬಗಳನ್ನು ಬಡಿಯುವುದು ನಿಷಿದ್ಧ. ಕಲ್ಲಿನ ರಥದ ಸುತ್ತ ಈಗ ತಡೆ ಇದೆ. 50 ರೂಪಾಯಿ ನೋಟಿನ ಮೇಲೆ ಇರುವುದು ಇದೇ ರಥ, ನೋಟು ಹಿಡಿದು ಫೋಟೊ ತೆಗೆಸಿಕೊಳ್ಳಲು ದೂರದಿಂದಲೇ ಚೆನ್ನಾಗಿ ಬರುತ್ತದೆ.

ಕಾಯ್ದೆ ಏನು ಹೇಳುತ್ತದೆ? ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ, ಅದರ ಮೇಲೆ ಗೀಚಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಇದು ಬರೀ ಪುಸ್ತಕದಲ್ಲಿಲ್ಲ. 2019ರ ಫೆಬ್ರುವರಿಯಲ್ಲಿ ಹಂಪಿಯಲ್ಲಿ ಯುವಕರು ಕಂಬ ದೂಡಿ ಬೀಳಿಸುವ ವಿಡಿಯೊ ಹರಿದಾಡಿತ್ತು ನೆನಪಿದೆಯಾ? ನಾಲ್ವರು ಸಿಕ್ಕಿಬಿದ್ದರು. ತಲಾ 70 ಸಾವಿರ ರೂಪಾಯಿ ದಂಡ ಕಟ್ಟಿ, ಕಂಬವನ್ನು ಮತ್ತೆ ಎತ್ತಿ ನಿಲ್ಲಿಸಬೇಕು ಎಂದು ನ್ಯಾಯಾಲಯ ಹೇಳಿತು. ಎತ್ತಿ ನಿಲ್ಲಿಸುವಾಗ ಅದೆಷ್ಟು ಭಾರ ಅಂತ ಅವರಿಗೆ ಗೊತ್ತಾಗಿರುತ್ತದೆ.

ಕ್ಯಾಮೆರಾ: ಕೈಯಲ್ಲಿ ಹಿಡಿದು ಫೋಟೊ ತೆಗೆಯಲು ಹೆಚ್ಚಿನ ಕಡೆ ಅಡ್ಡಿಯಿಲ್ಲ. ಟ್ರೈಪಾಡ್, ಲೈಟು, ಪ್ರೀವೆಡ್ಡಿಂಗ್ ಶೂಟ್ ಅಂದರೆ ಮುಂಚಿತ ಅನುಮತಿ ಬೇಕು. ಡ್ರೋನ್ ಮನೆಯಲ್ಲೇ ಇರಲಿ. ಅಜಂತಾದಂಥ ಚಿತ್ರಗಳಿರುವ ಕಡೆ ಫ್ಲಾಶ್ ಬೇಡವೇ ಬೇಡ.

ಹೆಜ್ಜೆ 10: ನಿಮ್ಮೂರಲ್ಲೇ ಒಂದು ಗುಡಿ ಇದ್ದರೆ

ಇದು ಪ್ರವಾಸಿಗರಿಗಲ್ಲ, ಸ್ಮಾರಕದ ಪಕ್ಕ ಮನೆ ಇರುವವರಿಗೆ. 1958ರ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿ ಪ್ರಕಾರ ಎಎಸ್‌ಐ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ವಲಯ. ಅಲ್ಲಿ ಹೊಸ ಕಟ್ಟಡ ಇಲ್ಲ. ಇರುವ ಮನೆಯ ರಿಪೇರಿಗೂ ಅನುಮತಿ ಬೇಕು. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ, ಅಲ್ಲಿ ಕಟ್ಟಬಹುದು, ಆದರೆ ಅನುಮತಿ ಪಡೆದೇ. ಸೈಟು ಕೊಳ್ಳುವ ಮುಂಚೆ ಹತ್ತಿರದಲ್ಲಿ ನೀಲಿ ಬೋರ್ಡು ಇದೆಯಾ ನೋಡಿ. ಅಡ್ವಾನ್ಸ್ ಕೊಟ್ಟ ಮೇಲೆ ಗೊತ್ತಾಗಿ ತಲೆ ಮೇಲೆ ಕೈ ಹೊತ್ತು ಕೂತವರು ನಮ್ಮ ಪರಿಚಯದಲ್ಲೇ ಇದ್ದಾರೆ. ಕಾಯ್ದೆ ಕಟ್ಟುನಿಟ್ಟು ಜಾಸ್ತಿ ಆಯಿತು, ಪಾಯಿಖಾನೆ ಕಟ್ಟಲೂ ಅಲೆಯಬೇಕು ಎನ್ನುವ ದೂರು ಸುಳ್ಳಲ್ಲ. ಆದರೆ ಆ 100 ಮೀಟರ್ ಇಲ್ಲದಿದ್ದರೆ ಎಷ್ಟೋ ಗುಡಿಗಳ ಗೋಡೆಗೆ ಲಾಡ್ಜು ಆತುಕೊಂಡಿರುತ್ತಿತ್ತು ಎನ್ನುವುದೂ ಸುಳ್ಳಲ್ಲ.

ಎಲ್ಲಾದರೂ ಗೋಡೆ ಬಿರುಕು ಬಿಟ್ಟಿದ್ದು, ನಿಧಿ ಆಸೆಗೆ ಅಗೆದಿದ್ದು, ಶಾಸನದ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿರುವುದು ಕಂಡರೆ ಹೀಗೆ ಮಾಡಿ. ದೂರದಿಂದ ಒಂದು, ಹತ್ತಿರದಿಂದ ಒಂದು ಫೋಟೊ. ಲೊಕೇಶನ್ ಮತ್ತು ತಾರೀಕು ಬರೆದುಕೊಳ್ಳಿ. ಆಮೇಲೆ ಮೊದಲ ಹೆಜ್ಜೆಯ ಪ್ರಶ್ನೆ: ಕಾವಲು ಯಾರದು? ಎಎಸ್‌ಐ ಆದರೆ ಅವರ ವಲಯ ಕಚೇರಿ. ಕರ್ನಾಟಕದಲ್ಲಿ ಬೆಂಗಳೂರು, ಧಾರವಾಡ, ಹಂಪಿ ಮೂರು ವಲಯಗಳಿವೆ. ರಾಜ್ಯದ್ದಾದರೆ ರಾಜ್ಯ ಪುರಾತತ್ವ ಇಲಾಖೆ. ಯಾರದೆಂದೇ ತಿಳಿಯದಿದ್ದರೆ ತಹಶೀಲ್ದಾರರಿಗೆ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಫೇಸ್‌ಬುಕ್ಕಿಗೆ ಹಾಕುವುದು ಆಮೇಲೆ. ಅಗೆದ ಜಾಗದ ಲೊಕೇಶನ್ ಮಾತ್ರ ಹಾಕಬೇಡಿ, ಇನ್ನೊಂದು ಗುಂಪು ಹಾರೆ ಹಿಡಿದು ಬರುತ್ತದೆ.